ಬಾಣಲೆಯಮ್ಮನ ಕಿಂಡಿ

ನನ್ನ ವಾರಗಿತ್ತಿಗೆ ಜನರ ಮುಖ ನೆನಪಿರುವುದಿಲ್ಲ. ನಮ್ಮ ಬೀದಿಯ ಕೊನೆಯ ಮನೆಯವರು ಹತ್ತು ವರ್ಷದಿಂದ ಅವಳಿಗೆ ಎದುರಾಗುತ್ತಾರೆ. ಇವಳು ಹತ್ತು ವರ್ಷದಿಂದಲೂ ಅವರನ್ನು ಆವತ್ತೇ ಊರಿಗೆ ಬಂದಿಳಿದವರ ಹಾಗೆ ನೋಡುತ್ತಾಳೆ. ಆದರೆ ಕೈ ತೋರಿಸಿದರೆ ಸಾಕು.

ಒಮ್ಮೆ ನಾವಿಬ್ಬರೂ ಬಸ್ಸಿನಲ್ಲಿ ಹೋಗುತ್ತಿದ್ದೆವು. ನಮ್ಮ ಪಕ್ಕದಲ್ಲಿ ನಿಂತಿದ್ದ ಗಂಡಸೊಬ್ಬ ಸೀಟಿನ ಕಂಬಿ ಹಿಡಿದುಕೊಂಡಿದ್ದ. ಇವಳು ಆ ಕೈಯನ್ನು ನೋಡಿ, ತಲೆಯನ್ನೂ ಎತ್ತದೆ, “ಉಗುರುಸುತ್ತು ವಾಸಿ ಆಯ್ತಾ?” ಎಂದು ಕೇಳಿದಳು.

“ಆಯ್ತು,” ಎಂದವನು ಒಂದು ಕ್ಷಣ ಬಿಟ್ಟು, “ನೀವು ಯಾರು?” ಅಂದ.

“ಬಾಣಲೆಯವಳು.”

ಅವನಿಗೆ ಏನು ಅರ್ಥವಾಯಿತೋ, ಮುಂದಿನ ಸ್ಟಾಪಿನಲ್ಲಿ ಇಳಿದುಬಿಟ್ಟ. ಅದು ಅವನ ಸ್ಟಾಪೇ ಆಗಿತ್ತೋ ಇಲ್ಲವೋ ದೇವರೇ ಬಲ್ಲ. ನಾನು ನಾಚಿಕೆಯಿಂದ ಕಿಟಕಿಯ ಕಡೆ ತಿರುಗಿ ಕೂತೆ. ಇವಳಿಗೆ ಮನೆಯಲ್ಲೂ ಹೀಗೆಯೇ ಹುಚ್ಚು ಮಾತು, ಹೊರಗೂ ಹೀಗೆಯೇ ಅಂದುಕೊಂಡೆ. ಅದು ಹುಚ್ಚಲ್ಲ ಎಂದು ತಿಳಿಯಲು ನನಗೆ ಇಪ್ಪತ್ತೇಳು ವರ್ಷ ಬೇಕಾಯಿತು. ಅದೂ ನಾನೇ ಮಾಡಿದ ಒಂದು ಅನಾಹುತದ ದೆಸೆಯಿಂದ.

ಅವಳು ನನ್ನ ಮೈದುನನ ಹೆಂಡತಿ. ನಮ್ಮ ಮನೆಗೆ ಬಂದಾಗ ಕಡ್ಡಿಯ ಹಾಗಿದ್ದಳು, ಮಾತು ಕಡಿಮೆ. ಮೈದುನ ದುಡಿಯುತ್ತಿದ್ದ ಗಿರಣಿ ಮುಚ್ಚಿದ ವರ್ಷ, ಯಾರನ್ನೂ ಕೇಳದೆ, ಪೇಟೆಯ ಮೂಲೆಯಲ್ಲಿದ್ದ ಕಾಫಿ–ಡೋನಟ್ ಅಂಗಡಿಯಲ್ಲಿ ಡೋನಟ್ ಕರಿಯುವ ಕೆಲಸಕ್ಕೆ ಸೇರಿಕೊಂಡಳು. ಬೆಳಗಿನ ನಾಲ್ಕೂವರೆಗೆ ಹೋದರೆ ಮಧ್ಯಾಹ್ನ ಎರಡಕ್ಕೆ ಬರುತ್ತಿದ್ದಳು. ಬಂದಾಗ ಅವಳ ಹಿಂದೆಯೇ ಎಣ್ಣೆಯ ವಾಸನೆ ಒಳಗೆ ಬರುತ್ತಿತ್ತು. “ಸೊಸೆ ಬಂದಳೋ ಬಾಣಲೆ ಬಂತೋ?” ಎಂದು ನಮ್ಮ ಅತ್ತೆ ಕೇಳುತ್ತಿದ್ದರು. ನಾನು ನಗುತ್ತಿದ್ದೆ. ಅವಳೂ ನಗುತ್ತಿದ್ದಳು, ನಕ್ಕು ಸ್ನಾನಕ್ಕೆ ಹೋಗುತ್ತಿದ್ದಳು. ಅಂಗಡಿಯಲ್ಲೂ ಅವಳಿಗೆ ಬಾಣಲೆಯಮ್ಮ ಎಂದೇ ಹೆಸರು ಬಿದ್ದಿತು.

ನಮ್ಮವರಿಗೆ, ಅಂದರೆ ನನ್ನ ಯಜಮಾನರಿಗೆ, ಆ ಅಂಗಡಿಯೆಂದರೆ ಪ್ರಾಣ. ಅವರು ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸದವರು. ಪ್ರೆಸ್ಸು ಆ ಅಂಗಡಿಯಿಂದ ನಾಲ್ಕು ಹೆಜ್ಜೆ. ದಿನಾ ಹತ್ತು ಗಂಟೆಗೆ ಒಂದು ಕಾಫಿ, ಒಂದು ಡೋನಟ್. “ಅಲ್ಲಿ ಬಾಯಿ ಬಿಡೋ ಹಾಗೇ ಇಲ್ಲ ಕಣೇ,” ಎನ್ನುತ್ತಿದ್ದರು. “ಕಟ್ಟೆ ಮೇಲೆ ಕೈ ಇಟ್ಟರೆ ಸಾಕು, ನಮಗೆ ಬೇಕಾದ್ದೇ ಬರುತ್ತೆ. ಹೇಳಬೇಕಾಗೇ ಇಲ್ಲ.”

“ಹೌದು, ಅಲ್ಲಾದ್ರೂ ನಿಮ್ಮ ಬಾಯಿಗೆ ಬಿಡುವು ಸಿಗಲಿ,” ಅನ್ನುತ್ತಿದ್ದೆ ನಾನು. ಗಂಡಸರು ತಮ್ಮ ಕಾಫಿ ಅಂಗಡಿಯ ಬಗ್ಗೆ ಬುರುಡೆ ಬಿಡುವುದು ಇದ್ದದ್ದೇ ಎಂದು ಅದನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಿದ್ದೆ.

ಅವರು ಹೋದ ಎರಡನೆಯ ವರ್ಷ ಅಂಗಡಿ ಕೈ ಬದಲಾಯಿತು. ಹಳೆಯ ಮಾಲೀಕರಿಗೆ ಮಂಡಿ ಹೋಗಿತ್ತು, ನಿಲ್ಲಲಾಗುತ್ತಿರಲಿಲ್ಲ. ಆರು ಅಂಗಡಿಗಳ ಒಡತಿಯೊಬ್ಬಳು ಇದನ್ನೂ ಕೊಂಡು ಏಳು ಮಾಡಿಕೊಂಡಳು. ಒಬ್ಬ ಮ್ಯಾನೇಜರ್ ಬಂದ. ಕೌಂಟರಿಗೆ, ಹಿಂದೆ ಫೋನ್ ಅಂಗಡಿಯಲ್ಲಿದ್ದ ನಡುವಯಸ್ಸಿನವನೊಬ್ಬ ಬಂದ. ಅವನು ಕಾಫಿಯನ್ನೂ ಫೋನು ಮಾರುವ ಹಾಗೆಯೇ ಮಾರುತ್ತಿದ್ದ, ಒಮ್ಮೆ ಕೈಗೆ ಕೊಟ್ಟ ಮೇಲೆ ತನಗೂ ಅದಕ್ಕೂ ಸಂಬಂಧವಿಲ್ಲ ಅನ್ನುವ ಹಾಗೆ. ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ವಾರಗಿತ್ತಿ ಹೇಳಿದವಳೂ ಅಲ್ಲ.

ಒಂದು ಮಂಗಳವಾರ ಕಣ್ಣಾಸ್ಪತ್ರೆಗೆ ಹೋಗಿ ಹೊಸ ಕನ್ನಡಕ ತಗೊಂಡು ಬರುತ್ತಿದ್ದೆ. ಲೋಕವೆಲ್ಲ ತೊಳೆದಿಟ್ಟ ಹಾಗೆ ಕಾಣುತ್ತಿತ್ತು. ದಾರಿಯಲ್ಲಿ ಆ ಅಂಗಡಿ ಕಂಡಿತು. ಒಳಗೆ ಹೋಗಿ ನಮ್ಮವರು ಹೇಳುತ್ತಿದ್ದಂತೆಯೇ ಕಟ್ಟೆಯ ಮೇಲೆ ಬಲಗೈ ಇಟ್ಟು ನಿಂತೆ. ಹಳೆಯ ಕಲ್ಲಿನ ಕಟ್ಟೆಗೆ ಈಗ ಗಾಜು ಹೊದಿಸಿದ್ದರು.

ಕೌಂಟರಿನವನು ನನ್ನ ಕೈ ನೋಡಿದ. “ಕೈ ತೆಗೀರಿ ಅಮ್ಮ, ಗಾಜು ಕಲೆ ಆಗುತ್ತೆ.”

ತೆಗೆದೆ. ಅವನು ಆ ಕಡೆ ತಿರುಗಿದ ಮೇಲೆ ಮತ್ತೆ ಇಟ್ಟೆ. ಬರುತ್ತದೆ, ಈಗ ಬರುತ್ತದೆ ಎಂದು ಕಾದೆ. ನನ್ನ ಹಿಂದೆ ಬಂದವರು ತಗೊಂಡು ಹೋದರು. ಅವರ ಹಿಂದೆ ಬಂದವರೂ ಹೋದರು. ಗೋಡೆಯ ಗಡಿಯಾರದಲ್ಲಿ ಕಾಲು ಗಂಟೆ ಸರಿಯಿತು.

“ಯಾರಿಗಾದ್ರೂ ಕಾಯ್ತಿದ್ದೀರಾ?” ಅಂದ ಅವನು ಕಡೆಗೆ.

“ಡೋನಟ್‌ಗೆ.”

“ಹೇಳಬೇಕಲ್ಲ ಮತ್ತೆ. ನಾನೇನು ಕಣಿ ಹೇಳೋನಾ?”

ಹೇಳಿದೆ. ಹೆಸರು ಕೇಳಿದ. ನನ್ನ ಹೆಸರು ಕಟ್ಟಿಕೊಂಡು ನಿನಗೇನಪ್ಪ ಎಂದರೆ ಲೋಟದ ಮೇಲೆ ಬರೆಯಬೇಕಂತೆ. “ದೊಡ್ಡಮ್ಮ ಅಂತ ಬರಿ,” ಅಂದೆ. ಸ್ವಲ್ಪ ಹೊತ್ತಿಗೆ “ದೊಡ್ಡಮ್ಮ, ದೊಡ್ಡಮ್ಮ” ಎಂದು ಕೂಗಿದ. ಅಂಗಡಿಯಲ್ಲಿದ್ದ ಮೂರು ಜನ ಹೆಂಗಸರು ತಿರುಗಿ ನೋಡಿದರು.

ಗೋಡೆಯ ತುಂಬ ಹೊಳೆಯುವ ಒಂದು ಹಲಗೆ ಹಾಕಿದ್ದರು, ಅದರಲ್ಲಿ ಬೆಲೆಗಳು. ಹೊಸ ಕನ್ನಡಕದಲ್ಲಿ ಚೆನ್ನಾಗಿಯೇ ಕಂಡವು, ಕಾಣದಿದ್ದರೆ ವಾಸಿಯಿತ್ತು. ನಮ್ಮವರ ಕಾಲದಲ್ಲಿ ಎರಡು ಡೋನಟ್ಟು, ಒಂದು ಕಾಫಿಗೆ ಕೊಡುತ್ತಿದ್ದ ಹಣಕ್ಕೆ ಈಗ ಡೋನಟ್ಟಿನ ನಡುವಿನ ತೂತು ಮಾತ್ರ ಸಿಗುತ್ತಿತ್ತೇನೋ. ಹೋಗಲಿ ಎಂದು ಕೊಟ್ಟು ಕೂತೆ. ಕಚ್ಚಿದರೆ ನನ್ನ ಕಟ್ಟಿಸಿದ ಹಲ್ಲು ಅಲುಗಾಡಿತು, ಡೋನಟ್ಟು ಅಲುಗಾಡಲಿಲ್ಲ. ಕಾಫಿ ಕುಡಿದರೆ, ಅದು ಬಿಸಿಯಾಗಿದ್ದ ಕಾಲ ಯಾವುದೋ. ಸ್ವಲ್ಪ ಬಿಸಿ ಮಾಡಿಕೊಡಪ್ಪ ಎಂದೆ. ಬಿಸಿಗೆ ಬೇರೆ ಚಾರ್ಜು ಅಂದ.

ಬಾಗಿಲ ಪಕ್ಕದಲ್ಲಿ ಒಂದು ಡಬ್ಬಿ, ಚೀಟಿಗಳ ಕಟ್ಟು, ದಾರ ಕಟ್ಟಿದ ಪೆನ್ಸಿಲು ಇದ್ದವು. ನಾನು ನಾಲ್ಕನೆಯ ತರಗತಿಯವರೆಗೆ ಓದಿದವಳು, ಬರೆಯುವುದು ನಿಧಾನ. ಆದರೂ ನಿಂತು ಬರೆದೆ: “ಕಾಲು ಗಂಟೆ ನಿಂತೆ, ಯಾರೂ ಕೇಳಲಿಲ್ಲ. ಡೋನಟ್ ಕಲ್ಲು. ಕಾಫಿ ತಣ್ಣಗಿದೆ, ಬೆಲೆ ಒಂದೇ ಬಿಸಿ. ಇಲ್ಲಿಗೆ ಒಬ್ಬರು ದಿನಾ ಬರುತ್ತಿದ್ದರು. ಅವರು ಈಗ ಇಲ್ಲ. ಇದ್ದಿದ್ದರೂ ಬರುತ್ತಿರಲಿಲ್ಲ.”

ಒಳಗೆ ಕರಿಯುವವಳು ನನ್ನ ವಾರಗಿತ್ತಿಯೇ ಎನ್ನುವುದು ಆ ಹೊತ್ತಿಗೆ ಮರೆತುಹೋಗಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಮರೆತಿರಲಿಲ್ಲ. ಊರೆಲ್ಲ ಹೊಗಳುವ ಬಾಣಲೆಯಮ್ಮನ ಕೈಗುಣ ಇಷ್ಟೇನಾ ಎಂದು ಒಳಗೊಳಗೇ ಒಂದಿಷ್ಟು ಹಿಗ್ಗಿದ್ದೆ. ಉಳಿದ ಅರ್ಧ ಡೋನಟ್ಟನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ದುಡ್ಡು ಕೊಟ್ಟದ್ದನ್ನು ಎಸೆಯುವ ಜಾಯಮಾನ ನನ್ನದಲ್ಲ.

ಭಾನುವಾರ ಅವಳಿಗೆ ರಜೆ. ನನ್ನ ಕಣ್ಣು ಮಂಜಾದಾಗಿನಿಂದ ಭಾನುವಾರ ಬಂದು ನನ್ನ ಉಗುರು ಕತ್ತರಿಸಿಕೊಡುತ್ತಾಳೆ. ಹೊಸ ಕನ್ನಡಕ ಬಂದಿದೆ, ನಾನೇ ಕತ್ತರಿಸಿಕೊಳ್ಳುತ್ತೇನೆ ಎಂದರೂ ಕೇಳದೆ ಕಿಟಕಿಯ ಬೆಳಕಿಗೆ ನನ್ನ ಕೈ ಎಳೆದುಕೊಂಡು ಕೂತಳು. ನಾನು ಸುಮ್ಮನಿರಬೇಕಲ್ಲ. ನಿಮ್ಮ ಅಂಗಡಿಗೆ ಹೋಗಿದ್ದೆ, ಸರಿಯಾಗಿ ಬರೆದುಹಾಕಿ ಬಂದಿದ್ದೇನೆ ಎಂದು ಕೊಚ್ಚಿಕೊಂಡೆ.

ಅವಳ ಕತ್ತರಿ ನಿಂತಿತು. “ಬೆಲೆ ಒಂದೇ ಬಿಸಿ ಅಂತ ಬರೆದದ್ದು ನೀವಾ ಅಕ್ಕ?”

“ಹೂಂ. ಹೇಗಿದೆ?”

“ಮ್ಯಾನೇಜರು ಎಲ್ಲರ ಮುಂದೆ ಓದಿದ್ರು. ನನಗೆ ನಗು ತಡೆಯೋಕೆ ಆಗಲಿಲ್ಲ.” ಅವಳು ಈಗಲೂ ನಕ್ಕಳು. “ಆಮೇಲೆ ಡೋನಟ್ ಕಲ್ಲು ಅನ್ನೋದನ್ನ ಎರಡು ಸಲ ಓದಿದ್ರು. ಈ ಶನಿವಾರ ಬಾಣಲೆ ಎತ್ತುತ್ತಾರೆ. ಇನ್ನು ಮೇಲೆ ಕಾರ್ಖಾನೆಯಿಂದ ಪೆಟ್ಟಿಗೆಯಲ್ಲಿ ಬರುತ್ತಂತೆ, ಬಿಚ್ಚಿ ಇಟ್ಟರಾಯ್ತಂತೆ. ಬಿಚ್ಚೋಕೆ ನಾನು ಬೇಡ.”

ಇಪ್ಪತ್ತೇಳು ವರ್ಷ ಒಂದು ಒಲೆಯ ಮುಂದೆ ನಿಂತವಳ ಕೆಲಸವನ್ನು, ದಾರ ಕಟ್ಟಿದ ಒಂದು ಮೋಟು ಪೆನ್ಸಿಲಿನಿಂದ ಕಿತ್ತುಹಾಕಿ ಬಂದಿದ್ದೆ. ಅವಳಿಗೋ ಬೇರೆ ಕೆಲಸ ಗೊತ್ತಿಲ್ಲ, ಬೇರೆ ಹಂಬಲವೂ ಇಲ್ಲ. ಒಮ್ಮೆ ಜ್ವರ ಬಂದು ಎಂಟು ದಿನ ಮಲಗಿದ್ದಾಗ ಕನವರಿಕೆಯಲ್ಲೂ “ತಿರುವು, ತಿರುವು” ಎನ್ನುತ್ತಿದ್ದಳು.

“ಒಂದು ಕೇಳ್ತೀನಿ,” ಅಂದಳು ಅವಳು. “ತೂತು ಹೇಗಿತ್ತು? ದುಂಡಗಿತ್ತಾ?”

“ದುಂಡಗೆ. ಬಳೆ ಹಾಗೆ.”

“ಹಾಗಾದ್ರೆ ಅದು ನಂದಲ್ಲ.” ಅವಳ ಮುಖದಿಂದ ಏನೋ ಒಂದು ಭಾರ ಇಳಿಯಿತು. “ನಾನು ಅಚ್ಚು ಇಟ್ಟು ಕತ್ತರಿಸಲ್ಲ ಅಕ್ಕ. ಬೆರಳಲ್ಲಿ ತೂತು ಮಾಡಿ ತಿರುಗಿಸೋದು. ನನ್ನದು ಯಾವತ್ತೂ ದುಂಡಗೆ ಬರಲ್ಲ. ಎರಡು ವಾರದಿಂದ ಮ್ಯಾನೇಜರು ಪೆಟ್ಟಿಗೆದನ್ನೂ ನನ್ನದರ ಜೊತೆ ಬೆರೆಸಿ ಇಡ್ತಿದ್ದಾರೆ, ಜನಕ್ಕೆ ಗೊತ್ತಾಗುತ್ತಾ ನೋಡೋಣ ಅಂತ. ನಿಮಗೆ ಗೊತ್ತಾಯ್ತು.”

“ಅದನ್ನ ಹೇಳಬೇಕಾಗಿತ್ತಲ್ಲೇ ಅವನಿಗೆ.”

“ಪೆಟ್ಟಿಗೆದಿರಬೇಕು ಅಂತ ಹೇಳಿದೆ. ಬರೆದವರು ಬಂದು ಹೇಳಲಿ ಅಂದ್ರು. ಬರೆದವರು ಯಾರು ಅಂತ ನನಗೇನು ಗೊತ್ತಿತ್ತು?”

ಉಳಿದ ಬೆರಳುಗಳ ಉಗುರನ್ನು ಅವಳು ಅಷ್ಟೇ ಜೋಪಾನವಾಗಿ ಕತ್ತರಿಸಿದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಬೈಯಲಿಲ್ಲ. ನಾನೇ ಕೆಣಕಿದೆ: “ಕಾಲು ಗಂಟೆ ಕೈ ಇಟ್ಟುಕೊಂಡು ನಿಂತಿದ್ದೆ. ನಿಮ್ಮ ಭಾವ ಹೇಳ್ತಿದ್ದದ್ದೆಲ್ಲ ಬುರುಡೆ.”

“ಭಾವ ಬುರುಡೆ ಬಿಟ್ಟಿಲ್ಲ ಅಕ್ಕ. ಕಿಂಡಿ ಮುಚ್ಚಿದ್ದಾರೆ.”

“ಯಾವ ಕಿಂಡಿ?”

“ಶನಿವಾರ ಬೆಳಿಗ್ಗೆ ನನ್ನ ಜೊತೆ ಬನ್ನಿ, ತೋರಿಸ್ತೀನಿ. ಕೊನೇ ದಿನ. ನಮ್ಮ ಮನೆಯವರು ಅಂತ ಒಬ್ಬರಾದ್ರೂ ನೋಡಿರಲಿ.”

“ನಾನು ಬರೋದು ನೋಡೋಕಲ್ಲ, ಹೇಳೋಕೆ,” ಅಂದೆ.

ಶನಿವಾರ ಹಿಂಬಾಗಿಲಿನಿಂದ ಒಳಗೆ ಹೋದೆವು. ನಮ್ಮ ಮನೆಯ ಹಜಾರದಷ್ಟೂ ಇಲ್ಲದ ಕೋಣೆ. ನಡುವೆ ಬಾಣಲೆ. ಮಗುವನ್ನು ಕೂರಿಸಿ ನೀರು ಹೊಯ್ಯಬಹುದಾದಷ್ಟು ಅಗಲ. ಗೋಡೆಗೆ ಎರಡು ಕಡ್ಡಿಗಳನ್ನು ಒರಗಿಸಿದ್ದಳು, ತುದಿಯಲ್ಲಿ ಕಪ್ಪು, ಹಿಡಿಯುವ ಕಡೆ ಅವಳ ಬೆರಳಿನ ಅಚ್ಚಿಗೆ ಸವೆದು ಹೋದವು. ಬಾಣಲೆಯ ಎದುರಿಗೆ ಗೋಡೆಯಲ್ಲಿ ಒಂದು ಮೊಳ ಅಗಲ, ಒಂದು ಗೇಣು ಎತ್ತರದ ಕಿಂಡಿ. ಅದರಾಚೆ ಬೆಳಕಿಲ್ಲ, ಯಾವುದೋ ಹಲಗೆಯ ಬೆನ್ನು.

“ಬೆಲೆ ಹಾಕಿದ್ದಾರಲ್ಲ, ಅದೇ ಹಲಗೆ,” ಅಂದಳು. “ಅಂಗಡಿ ಕೊಂಡ ವಾರವೇ ಹೊಡೆದ್ರು. ಈಗ ಆ ಪಕ್ಕದ ಬಾಗಿಲಿಂದ ತಟ್ಟೆ ಕೊಡ್ತೀನಿ. ಯಾರಿಗೆ ಅಂತ ಗೊತ್ತಿಲ್ಲದೆ.”

ನಾನೂ ಐವತ್ತು ವರ್ಷ ಒಲೆಯ ಮುಂದೆ ನಿಂತವಳೇ. ಕರಿಯುವುದು ನನಗೆ ಹೊಸದಲ್ಲ ಎಂದುಕೊಂಡೇ ಸ್ಟೂಲಿನ ಮೇಲೆ ಕೂತಿದ್ದೆ. ಅವಳು ಒದ್ದೆ ಬಟ್ಟೆ ಸರಿಸಿದಳು. ಹಿಟ್ಟು ಹುದುಗು ಬಂದು ಉಬ್ಬಿ, ಉಸಿರಾಡುವ ಹಾಗಿತ್ತು. ತೂಗದೆ, ನೋಡದೆ, ಒಂದೊಂದು ಹಿಡಿ ಕೀಳುತ್ತಾ ಹೋದಳು, ಹನ್ನೆರಡೂ ಒಂದೇ ಗಾತ್ರ. ಹೆಬ್ಬೆರಳಿನಿಂದ ಚುಚ್ಚಿ, ಎರಡು ತೋರುಬೆರಳಿಗೆ ಸಿಕ್ಕಿಸಿ ಗಿರ್ರನೆ ತಿರುಗಿಸಿದರೆ ಹಿಟ್ಟು ಓರೆಕೋರೆ ಬಳೆಯಾಗಿ ಅರಳುತ್ತಿತ್ತು. ಹನ್ನೆರಡನ್ನೂ ಎಣ್ಣೆಗೆ ಜಾರಿಸಿ, ಬಾಣಲೆಗೆ ಬೆನ್ನು ಹಾಕಿ, ಮುಂದಿನ ಹನ್ನೆರಡಕ್ಕೆ ಕೈ ಹಾಕಿದಳು.

“ಲೇ, ಸೀದುಹೋಗುತ್ತೆ ಕಣೇ,” ಅಂದೆ.

“ಇನ್ನೂ ಕೂಗ್ತಿವೆಯಲ್ಲ ಅಕ್ಕ. ಕೂಗೋವರೆಗೂ ಭಯವಿಲ್ಲ.”

ನಾನು ಕಿವಿಗೊಟ್ಟೆ. ಮೊದಲು ಮಕ್ಕಳ ಶಾಲೆ ಬಿಟ್ಟ ಹಾಗೆ ಗಲಾಟೆ. ಸ್ವಲ್ಪ ಹೊತ್ತಿಗೆ ದನಿ ಸಣ್ಣದಾಯಿತು. ನನಗೆ ಅದು ಸಣ್ಣದಾದದ್ದು ತಿಳಿಯುವಷ್ಟರಲ್ಲಿ ಅವಳು ಈ ಕಡೆ ತಿರುಗಿ, ಎರಡು ಕಡ್ಡಿಗಳಿಂದ ಹನ್ನೆರಡನ್ನೂ ಹೊರಳಿಸಿಬಿಟ್ಟಿದ್ದಳು. ಎಲ್ಲ ಒಂದೇ ಕೆಂಪು, ನಡುವೆ ಸುತ್ತಲೂ ದಾರ ಕಟ್ಟಿದ ಹಾಗೆ ಒಂದು ಬಿಳಿ ಗೆರೆ. ಎಣ್ಣೆ ಮಾತಾಡುತ್ತದೆ ಎಂದು ನನಗೂ ಗೊತ್ತು. ಆದರೆ ಈ ಐವತ್ತು ವರ್ಷದಲ್ಲಿ ನಾನು ಕೇಳಿಸಿಕೊಂಡದ್ದು ಅದರ ಬೈಗುಳ ಮಾತ್ರ. ಮೂರನೆಯ ಸುತ್ತಿನ ಹೊತ್ತಿಗೆ ನಾನು ಸ್ಟೂಲಿನಿಂದ ಎದ್ದು ನಿಂತಿದ್ದೆ. ಯಾಕೆ ಎದ್ದೆನೋ ಗೊತ್ತಿಲ್ಲ, ಕೂತು ನೋಡುವುದು ಮರ್ಯಾದೆಯಲ್ಲ ಅನ್ನಿಸಿತು.

ಎಂಟು ಗಂಟೆಗೆ ಒಡತಿ ಬಂದಳು. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡಿದ್ದ, ಚುರುಕು ನಡಿಗೆಯ ಹೆಂಗಸು. ಜೊತೆಗೆ ಮ್ಯಾನೇಜರು, ಗ್ಯಾಸಿನ ಪೈಪು ಬಿಚ್ಚುವ ಫಿಟ್ಟರು. ಹೊರಗೆ ಜನ ಸಾಲು ನಿಂತಿದ್ದರು. ನಾನು ನೇರ ಹೋಗಿ ಎದುರು ನಿಂತೆ.

“ಡೋನಟ್ ಕಲ್ಲು ಅಂತ ಚೀಟಿ ಬರೆದವಳು ನಾನು.”

“ಒಳ್ಳೆದು ಮಾಡಿದ್ರಿ. ಅದಕ್ಕೇ ಇವತ್ತು ಬದಲಾಯಿಸ್ತಿದ್ದೀವಿ,” ಅಂದಳು ಒಡತಿ.

“ಬದಲಾಯಿಸಬೇಕಾದ್ದು ಬಾಣಲೆ ಅಲ್ಲಮ್ಮ.” ನಾನು ಚೀಲದಿಂದ ಕಾಗದದ ಪೊಟ್ಟಣ ತೆಗೆದೆ. ಹನ್ನೊಂದು ದಿನದ ಹಿಂದಿನ ಆ ಅರ್ಧ ಡೋನಟ್ಟು ಇಟ್ಟ ಹಾಗೇ ಇತ್ತು. ಬೂಷ್ಟು ಕೂಡ ಅದನ್ನು ಮುಟ್ಟಿರಲಿಲ್ಲ. ಗಾಜಿನ ಮೇಲೆ ಇಟ್ಟೆ, ಟಕ್ಕೆಂದಿತು. ಅದರ ಪಕ್ಕಕ್ಕೆ ವಾರಗಿತ್ತಿಯ ಬಾಣಲೆಯಿಂದ ಆಗಷ್ಟೇ ಬಂದ ಒಂದನ್ನು ಇಟ್ಟೆ. “ತೂತು ನೋಡಿ. ಇದು ದುಂಡಗಿದೆ, ಪೆಟ್ಟಿಗೆದು. ಇವಳದು ದುಂಡಗಿಲ್ಲ. ನಾನು ಬೈದದ್ದು ದುಂಡಗಿರೋದಕ್ಕೆ. ನೀವು ಎತ್ತುತ್ತಿರೋದು ದುಂಡಗಿಲ್ಲದ್ದನ್ನ.”

ಒಡತಿ ಎರಡನ್ನೂ ಎತ್ತಿ ನೋಡಿ ಮ್ಯಾನೇಜರನ ಕಡೆ ತಿರುಗಿದಳು. ಅವನು, “ಮೇಡಂ, ಇವರಿಬ್ಬರೂ ಸಂಬಂಧಿಕರು,” ಅಂದ.

“ಸಂಬಂಧಿಕರೇ,” ಅಂದೆ ನಾನು. “ವಾರಗಿತ್ತಿಯರು. ವಾರಗಿತ್ತಿ ಪರವಾಗಿ ವಾರಗಿತ್ತಿ ಸುಳ್ಳು ಹೇಳಿದ್ದನ್ನ ನಿಮ್ಮ ಜನ್ಮದಲ್ಲಿ ಎಲ್ಲಾದ್ರೂ ಕೇಳಿದ್ದೀರಾ?”

ಒಡತಿಗೆ ನಗು ಬಂತು. ಬಿಸಿಯದ್ದನ್ನು ಮುರಿದು ಬಾಯಿಗೆ ಹಾಕಿಕೊಂಡಳು. ಆದರೆ ಏಳು ಅಂಗಡಿಯವಳು, ಬಾಯಿ ರುಚಿಗೆ ಸೋಲುವವಳಲ್ಲ. “ರುಚಿ ನೀವು ಹೇಳಿದ ಹಾಗೇ ಇದೆ ಅಮ್ಮ. ಆದ್ರೆ ಆ ಸಾಲು ನೋಡಿ. ನೀವೇ ಕಾಲು ಗಂಟೆ ಕಾದೆ ಅಂತ ಬರೆದಿದ್ದೀರಿ. ಜನ ಕಾಯಬಾರದು. ಅದಕ್ಕೆ ಪೆಟ್ಟಿಗೆ.” ಫಿಟ್ಟರನಿಗೆ ತಲೆಯಾಡಿಸಿದಳು.

ನಾನು ಬರೆದ ಒಂದು ಮಾತನ್ನು ಅಳಿಸಿದೆ, ಇನ್ನೊಂದು ಮಾತು ಎದ್ದು ನಿಂತಿತು. ಒಳಗೆ ಹೋಗಿ ವಾರಗಿತ್ತಿಯ ಪಕ್ಕ ನಿಂತೆ. ಅವಳು ಎಲ್ಲ ಕೇಳಿಸಿಕೊಂಡಿದ್ದಳು. ಕಡ್ಡಿ ಕೆಳಗಿಡದೆ, “ಬಾಣಲೇಲಿ ಇರೋದು ಇಳಿಯಲಿ, ಆಮೇಲೆ ಬಿಚ್ಚಲಿ,” ಅಂದಳು ಅಷ್ಟೇ.

ಪೈಪಿನ ಮೊದಲ ತಿರುಪು ಇದ್ದದ್ದು ಬೆಲೆಯ ಹಲಗೆಯ ಹಿಂದೆ. ಫಿಟ್ಟರು ಮೊದಲು ಹಲಗೆಯನ್ನು ಇಳಿಸಿ ಕೆಳಗಿಟ್ಟ.

ಕಿಂಡಿ ತೆರೆಯಿತು. ಬೆಳಕು ನೇರವಾಗಿ ಬಾಣಲೆಯ ಮೇಲೆ ಬಿತ್ತು. ನಾನು ಬಗ್ಗಿ ನೋಡಿದೆ. ಮುಖಗಳು ಕಾಣಲಿಲ್ಲ, ಎದೆಯೂ ಕಾಣಲಿಲ್ಲ. ಕಟ್ಟೆಯ ಮೇಲಿನ ಒಂದು ಗೇಣು ಮಾತ್ರ. ಸಾಲಿನಲ್ಲಿದ್ದ ಹಳಬರು ಕಿಂಡಿ ತೆರೆದದ್ದನ್ನು ಕಂಡಿರಬೇಕು. ಯಾರೂ ಹೇಳಲಿಲ್ಲ, ಕೇಳಲಿಲ್ಲ. ಒಂದು ಕೈ ಬಂದು ಕಟ್ಟೆಯ ಮೇಲೆ ಕೂತಿತು.

“ಓ, ಬಣ್ಣ ಬಳಿಯೋರು,” ಅಂದಳು ವಾರಗಿತ್ತಿ. ಉಗುರಿನ ಸಂದಿಯಲ್ಲಿ ಹಸಿರು ಬಣ್ಣ. “ಗರಿಗರಿ ಬೇಕು ಇವರಿಗೆ.” ತಟ್ಟೆಯಲ್ಲಿ ಚೆನ್ನಾಗಿ ಕೆಂಪಗಾದದ್ದು ಹೋಯಿತು. ಕೈ ಮಾಯವಾಯಿತು, ಇನ್ನೊಂದು ಬಂತು. ಮಣಿಕಟ್ಟಿನಲ್ಲಿ ಗಡಿಯಾರದ ಬಿಳಿ ಗುರುತು. “ಗಡಿಯಾರ ಯಾಕೆ ಕಟ್ಟಿಲ್ಲವೋ. ಇವರಿಗೆ ಎರಡು, ಅದರಲ್ಲಿ ಒಂದನ್ನ ಮನೆಗೆ ಪೊಟ್ಟಣ ಮಾಡಿಕೊಡಬೇಕು.” ಮತ್ತೊಂದು ಕೈ, ಹೆಂಗಸಿನದು, ಉಂಗುರ ತೆಗೆದ ಬೆರಳು. “ಹೋದ ವರ್ಷ ಇತ್ತು,” ಅಂದು, ತಟ್ಟೆಯಲ್ಲಿ ಒಂದೇ ಒಂದನ್ನು, ಇರುವುದರಲ್ಲಿ ದೊಡ್ಡದನ್ನು ಇಟ್ಟಳು. ಆಮೇಲೆ ನಡುಗುವ ಮುದಿ ಕೈ. ಅವಳು ಕಿಂಡಿಯಿಂದ ಕೌಂಟರಿನವನಿಗೆ, “ಮುಕ್ಕಾಲು ಲೋಟ ಹಾಕಿ, ಚೆಲ್ಲುತ್ತೆ,” ಅಂದಳು. ಅವನು ಆಗ ಮೊದಲ ಬಾರಿಗೆ ಆ ಕೈಯನ್ನು ನೋಡಿದ. ಮುಕ್ಕಾಲೇ ಹಾಕಿದ.

ಒಂದಾದ ಮೇಲೊಂದು ಕೈ. ಅವಳು ತಡೆದು ಯೋಚಿಸಿದ್ದು ನಾನು ಕಾಣಲಿಲ್ಲ. ಹೊಸ ಕೈ ಬಂದರೆ ಮಾತ್ರ, “ಇವರು ಹೊಸಬರು, ಕೇಳಿ,” ಅನ್ನುತ್ತಿದ್ದಳು. ಕೌಂಟರಿನವನಿಗೆ ಕಾಫಿ ಬಗ್ಗಿಸುವುದಷ್ಟೇ ಕೆಲಸ. ಬಾಗಿಲಾಚೆ ಹೋಗಿದ್ದ ಸಾಲು ಬಾಗಿಲೊಳಗೆ ಬಂತು, ಕಟ್ಟೆಗೆ ಬಂತು, ಮುಗಿಯಿತು. ನನಗೆ ನನ್ನ ಹೊಸ ಕನ್ನಡಕದ ಮೇಲೆಯೇ ನಾಚಿಕೆಯಾಯಿತು. ಇಷ್ಟು ವರ್ಷ ಈ ಕಣ್ಣುಗಳಿಂದ ನಾನು ಏನು ನೋಡಿದ್ದೆ?

“ನಿಮ್ಮ ಭಾವನ ಕೈ ಹೇಗಿತ್ತು?” ಎಂದು ಕೇಳಿದೆ. ಆ ಹೊತ್ತಿನಲ್ಲಿ ಅದನ್ನು ಕೇಳಬೇಕಾಗಿತ್ತೋ ಇಲ್ಲವೋ.

“ಅಂಟು ಅಂಟು. ಎರಡು ಸಲ ತಟ್ಟೋರು.” ಅವಳು ಬಾಣಲೆಯ ಕಡೆ ನೋಡುತ್ತಲೇ ಹೇಳಿದಳು. “ಬೆರಳ ತುದೀಲಿ ಸೂಜಿ ಚುಚ್ಚಿದ ಕಲೆ ಕಾಣಿಸ್ತು ಒಂದು ದಿನ. ರಕ್ತದ ಪರೀಕ್ಷೆದು. ಆವತ್ತಿಂದ ಅವರದನ್ನ ಪಾಕಕ್ಕೆ ಅದ್ದಲಿಲ್ಲ. ಒಂಬತ್ತು ವರ್ಷ. ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.”

ಅವರಿಗೆ ಸಕ್ಕರೆ ಕಾಯಿಲೆ ಇರುವುದನ್ನು ನನ್ನಿಂದ ಒಂದು ವರ್ಷ ಮುಚ್ಚಿಟ್ಟಿದ್ದರು. ತಿಳಿದ ಮೇಲೆ, ಆ ಹಾಳು ಡೋನಟ್ಟು ಬಿಡಿ ಎಂದು ಎಂಟು ವರ್ಷ ಜಗಳವಾಡಿದ್ದೆ. “ಈಗೀಗ ಅಲ್ಲಿ ಸಿಹೀನೇ ಇರಲ್ಲ ಕಣೇ, ಪಾಕ ಕಮ್ಮಿ ಮಾಡಿಬಿಟ್ಟಿದ್ದಾರೆ,” ಎಂದು ಅವರು ಹೇಳಿದರೆ, ಇನ್ನೊಂದು ಸುಳ್ಳು ಎಂದು ಮುಖ ತಿರುಗಿಸುತ್ತಿದ್ದೆ. ನಾನು ಬಾಯಿ ನೋಯಿಸಿಕೊಂಡು ಮಾಡಲಾಗದ್ದನ್ನು ಈ ಮಾತಿಲ್ಲದವಳು ಒಂದು ಗೇಣು ಕಿಂಡಿಯಿಂದ ಮಾಡಿದ್ದಳು.

ಆಚೆ ಫಿಟ್ಟರು, “ಮೇಡಂ, ಬಿಚ್ಚಲಾ?” ಎಂದು ಕೇಳಿದ.

ಉತ್ತರದ ಬದಲು ಕಟ್ಟೆಯ ಮೇಲೆ ಒಂದು ಕೈ ಬಂದು ಕೂತಿತು. ನಯವಾದ ಕೈ, ಉಗುರಿಗೆ ಬಣ್ಣ, ಹೆಬ್ಬೆರಳಿನ ಬುಡದಲ್ಲಿ ಹಳೆಯ ಸುಟ್ಟ ಕಲೆ.

ವಾರಗಿತ್ತಿ ನೋಡಿದಳು. “ಇವರೂ ಒಂದು ಕಾಲದಲ್ಲಿ ಎಣ್ಣೆ ಮುಂದೆ ನಿಂತೋರು,” ಎಂದು ನನಗೆ ಕೇಳುವಷ್ಟು ಮೆಲ್ಲಗೆ ಹೇಳಿದಳು. ತಟ್ಟೆಯಲ್ಲಿ ಒಂದನ್ನಿಟ್ಟು ಕಿಂಡಿಯಿಂದ ಸರಿಸಿ, “ಕಲೆಗೆ ಕೊಬ್ಬರಿ ಎಣ್ಣೆ ಹಚ್ಚಿ, ಚರ್ಮ ಬಿಗಿಯೋದಿಲ್ಲ,” ಅಂದಳು. ತನ್ನನ್ನು ಕೆಲಸದಿಂದ ತೆಗೆಯಲು ಬಂದವರು ಎಂದು ತಿಳಿದು ಹೇಳಿದಳೋ, ಮುಖ ಕಾಣದ್ದರಿಂದ ತಿಳಿಯದೆ ಹೇಳಿದಳೋ. ನಾನು ಆಮೇಲೆ ಎಷ್ಟು ಸಲ ಕೇಳಿದರೂ, “ಕೈಗೆ ಹೇಳಿದೆ ಅಕ್ಕ,” ಅನ್ನುತ್ತಾಳೆ.

ಆ ಕೈ ತಟ್ಟೆಯನ್ನು ಎತ್ತಿಕೊಂಡಿತು. ಆಮೇಲೆ ಒಡತಿಯ ದನಿ ಕೇಳಿಸಿತು. “ಪೈಪು ಬಿಡಿ. ಆ ಹಲಗೇನ ಎದುರು ಗೋಡೆಗೆ ಹಾಕಿ.” ಮ್ಯಾನೇಜರು ಏನೋ ಹೇಳಹೊರಟ. “ಪೆಟ್ಟಿಗೆ ಬೇಡ ಅಂತ ಕಾರ್ಖಾನೆಗೆ ನೀವೇ ಫೋನ್ ಮಾಡಿ,” ಅಂದಳು.

ವಾರಗಿತ್ತಿ ಬಾಣಲೆಯಲ್ಲಿದ್ದದ್ದನ್ನು ಇಳಿಸಿ, ಹಿಟ್ಟಿಗೆ ಕೈ ಹಾಕಿ, ಮುಂದಿನ ಹನ್ನೆರಡನ್ನು ಶುರು ಮಾಡಿದಳು. ಒಂದು ಸಲ ಮೂಗೆಳೆದುಕೊಂಡಳು. ಹೊಗೆ ಅಂದಳು. ಹೊಗೆ ಇರಲಿಲ್ಲ.

ಬೆಲೆ ಮಾತ್ರ ಒಂದು ಬಿಡಿಗಾಸೂ ಇಳಿಯಲಿಲ್ಲ. ಹಲಗೆ ಎದುರು ಗೋಡೆಯಲ್ಲಿ ಇನ್ನೂ ಚೆನ್ನಾಗಿ ಹೊಳೆಯುತ್ತದೆ. ಬಿಸಿಯ ಚಾರ್ಜು ಹೋಯಿತು, ಯಾಕೆಂದರೆ ತಣ್ಣಗಿನದು ಸಿಗುವುದಿಲ್ಲ. ಕೌಂಟರಿನವನು ಈಗ ಕೈ ತೆಗೀರಿ ಅನ್ನುವುದಿಲ್ಲ, ಗಾಜು ಒರೆಸುತ್ತಾನೆ. ದುಬಾರಿ ಎಂದು ಗೊಣಗಿಕೊಂಡೇ ನಾನು ವಾರಕ್ಕೊಂದು ದಿನ ಹೋಗುತ್ತೇನೆ.

ಮೊನ್ನೆ ಅವಳನ್ನು ಪರೀಕ್ಷೆ ಮಾಡೋಣ ಎಂದು ಬುದ್ಧಿ ಬಂತು. ಪಕ್ಕದ ಮನೆಯವಳ ಬಳೆ, ಉಂಗುರ ಕೇಳಿ ಹಾಕಿಕೊಂಡೆ. ಬಲಗೈ ಬಿಟ್ಟು ಎಡಗೈ ಇಟ್ಟೆ. ಉಸಿರು ಬಿಗಿಹಿಡಿದು ನಿಂತೆ, ಹೊಸಬರು ಕೇಳಿ ಎನ್ನುತ್ತಾಳೆ ಎಂದು.

ಕಿಂಡಿಯಿಂದ ತಟ್ಟೆ ಬಂತು. ಡೋನಟ್ಟು, ಕಟ್ಟಿಸಿದ ಹಲ್ಲಿಗೆ ಹಿಡಿಯುವ ಹಾಗೆ ನಾಲ್ಕು ತುಂಡು ಮಾಡಿದ್ದು. ಹಿಂದೆಯೇ ಒಂದು ದನಿ. “ಯಾರ ಬಳೆ ಅಕ್ಕ ಅದು? ಬೇಗ ವಾಪಸ್ ಕೊಡಿ, ನಿಮ್ಮ ಕೈಗೆ ಬಿಗಿ.”